ಚೀಲದ ಮೇಷ್ಟ್ರ ಡ್ರಾಪರ್

ನಮ್ಮ ಪ್ರಯೋಗಾಲಯದಲ್ಲಿ ಒಂದು ವಸ್ತುವನ್ನು ಬಿಟ್ಟು ಉಳಿದೆಲ್ಲವನ್ನೂ ತೊಳೆಯುತ್ತಿದ್ದೆವು. ಸೀಸೆ ತೊಳೆಯುತ್ತಿದ್ದೆವು, ಗಾಜಿನ ಪಟ್ಟಿ ತೊಳೆಯುತ್ತಿದ್ದೆವು, ಸೀಸೆ ತೊಳೆಯುವ ಬ್ರಷ್ಷನ್ನೂ ತೊಳೆಯುತ್ತಿದ್ದೆವು. ನಲ್ಲಿ ನೀರಿನಲ್ಲಿ ಮೂರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಆರು ಸಲ. ತೊಳೆಯುತ್ತಿದ್ದವಳು ನಾನು. ನೀರು ಬಟ್ಟಿ ಇಳಿಸುತ್ತಿದ್ದವಳೂ ನಾನೇ. ಹಾಗಾಗಿ ಮೂವತ್ತು ವರ್ಷದಿಂದ ಅಲ್ಲಿ ನನಗೆ ನೀರಮ್ಮ ಎಂದೇ ಹೆಸರು. ತೊಳೆಯದೆ ಬಿಟ್ಟಿದ್ದ ಆ ಒಂದು ವಸ್ತುವೆಂದರೆ ಚೀಲದ ಮೇಷ್ಟ್ರ ಡ್ರಾಪರ್.

ಚೀಲದ ಮೇಷ್ಟ್ರು ಪ್ರಯೋಗಾಲಯದ ಯಜಮಾನರು. ಈ ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ಎದುರಿಗೆ ಬಂದರೆ ಬರೀ ‘ಸರ್’. ಅವರು ಆಯುಷ್ಯವಿಡೀ ಓದಿದ್ದು ಜೀವಕೋಶದ ಒಳಗಿನ ಚೀಲಗಳ ವಿಷಯ. ವರ್ಷಕ್ಕೊಮ್ಮೆ ಹೊಸ ವಿದ್ಯಾರ್ಥಿಗಳಿಗೆ ಅವರು ಹೇಳುವ ಪಾಠವನ್ನು ಬಾಗಿಲ ಪಕ್ಕದ ತೊಟ್ಟಿಯಲ್ಲಿ ಸೀಸೆ ತಿಕ್ಕುತ್ತಾ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಕೋಶವೆಂದರೆ ಒಂದು ಮನೆ ಅಂದುಕೊಳ್ಳಿ. ಹೊರಗೆ ಕಳಿಸಬೇಕಾದ ಸರಕನ್ನು ಅದು ಒಳಗೇ ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿಡುತ್ತದೆ. ಚೀಲದ ಸುತ್ತ ಇರುವುದೂ ಪೊರೆ, ಮನೆಯ ಹೊರಗೋಡೆಯೂ ಅದೇ ಜಾತಿಯ ಪೊರೆ. ಚೀಲ ಗೋಡೆಯ ಹತ್ತಿರ ಬಂದು ಒರಗಿಕೊಂಡು ನಿಲ್ಲುತ್ತದೆ, ಅಪ್ಪಣೆಗಾಗಿ ಕಾಯುತ್ತದೆ. ಅಪ್ಪಣೆ ಬಂತೋ, ಚೀಲದ ಪೊರೆ ಗೋಡೆಯ ಪೊರೆಯಲ್ಲಿ ಬೆರೆತು ಒಂದಾಗುತ್ತದೆ; ಅಲ್ಲೊಂದು ಬಾಯಿ ತೆರೆದು ಸರಕೆಲ್ಲ ಹೊರಕ್ಕೆ ಸುರಿಯುತ್ತದೆ. ಗೋಡೆ ಒಡೆದಿರುವುದಿಲ್ಲ. ಮನೆ ಸೋರಿರುವುದಿಲ್ಲ. ಚೀಲ ಮಾತ್ರ ಇರುವುದಿಲ್ಲ. ಅದು ಗೋಡೆಯೇ ಆಗಿಹೋಗಿರುತ್ತದೆ. ಉಂಡದ್ದು ಅರಗುವುದು, ಬೆಂಕಿ ಮುಟ್ಟಿದ ಬೆರಳು ಹಿಂದಕ್ಕೆ ಬರುವುದು, ಎಲ್ಲವೂ ಈ ಚೀಲಗಳು ಹೊತ್ತಿಗೆ ಸರಿಯಾಗಿ ಸುರಿದರೆ ತಾನೆ? ಆ ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಅದು ಬರದಿದ್ದರೆ ಗೋಡೆಗೆ ಒರಗಿದ ಚೀಲ ಒರಗಿಯೇ ಇರುತ್ತದೆ, ಸಾಹೇಬರ ಕೋಣೆಯ ಹೊರಗಿನ ಬೆಂಚಿನ ಮೇಲೆ ಜನ ಕೂತ ಹಾಗೆ.

ಇದನ್ನು ಕಣ್ಣಾರೆ ನೋಡಲು ನಮ್ಮಲ್ಲಿ ಕಡಲಿನ ಮುಳ್ಳುಚೆಂಡುಗಳನ್ನು ಸಾಕಿದ್ದರು. ಉಪ್ಪುನೀರಿನ ತೊಟ್ಟಿಯ ತಳಕ್ಕೆ ಕಚ್ಚಿಕೊಂಡು ಬಿದ್ದಿರುವ, ಮೈತುಂಬ ಮುಳ್ಳಿನ ಪ್ರಾಣಿ. ಒಂದು ಚುಚ್ಚುಮದ್ದು ಕೊಟ್ಟರೆ ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಮೊಟ್ಟೆಯ ಗೋಡೆಗೆ ಒಳಗಿನಿಂದ ಸಾವಿರಾರು ಚೀಲಗಳು ಸಿದ್ಧವಾಗಿ ಒರಗಿರುತ್ತವೆ. ಮೊಟ್ಟೆಗಳನ್ನು ಗಾಜಿಗೆ ಅಂಟಿಸಿ ರಭಸವಾಗಿ ನೀರು ಚಿಮ್ಮಿಸಿದರೆ ಹೊಟ್ಟೆಯ ಭಾಗ ಕೊಚ್ಚಿಹೋಗಿ, ಗೋಡೆಯ ತುಣುಕು ಮಾತ್ರ ಚೀಲಗಳ ಸಮೇತ ಗಾಜಿನ ಮೇಲೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಸಾಸಿವೆ ಚೆಲ್ಲಿದಂತೆ ಕಾಣುತ್ತದೆ. ಅದರ ಮೇಲೆ ಕ್ಯಾಲ್ಸಿಯಂ ಇರುವ ಒಂದು ಹನಿ ಬಿದ್ದರೆ ಸಾಸಿವೆಯೆಲ್ಲ ನೋಡನೋಡುತ್ತಲೇ ಮಾಯ. ಆದ್ದರಿಂದ ಚಿಮ್ಮಿಸುವ ನೀರಿನಲ್ಲಿ ಕ್ಯಾಲ್ಸಿಯಂ ಚೂರೂ ಇರಕೂಡದು. ಆ ನೀರೇ ನನ್ನ ಕೆಲಸ. ಹೆಚ್ಚು ಹೇಳಿಕೊಳ್ಳಬಾರದು, ಆದರೆ ನನ್ನ ನೀರಿನಲ್ಲಿ ನೀರು ಬಿಟ್ಟು ಬೇರೇನಾದರೂ ಇದ್ದರೆ ಅದು ನಾನೇ ತೂಗಿ ಹಾಕಿದ್ದು.

ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಮೇಷ್ಟ್ರು ತರಗತಿ ಮುಗಿಸಿ ನೇರ ಪ್ರಯೋಗಾಲಯಕ್ಕೆ ಬಂದರು. ಮುಳ್ಳುಚೆಂಡಿನ ಅಂಡಾಶಯ ಅರೆದು, ಸೋಸಿ, ಹನ್ನೆರಡು ನಳಿಕೆಗಳಲ್ಲಿ ಹಿಡಿದಿಟ್ಟ ರಸವನ್ನು ಒಂದೊಂದಾಗಿ ಹನಿಸುತ್ತಾ ಹೋದರು. ಆರರವರೆಗೆ ಏನೂ ಆಗಲಿಲ್ಲ. ಏಳನೆಯದಕ್ಕೆ ತೊಳೆದ ಡ್ರಾಪರ್ ಕೈಗೆ ಸಿಗದೆ ತಮ್ಮ ಕೋಟಿನ ಜೇಬಿನಲ್ಲಿದ್ದದ್ದನ್ನು ತೆಗೆದರು. ಹನಿ ಬಿತ್ತು, ಚೀಲಗಳು ಮಾಯವಾದವು. ಕ್ಯಾಲ್ಸಿಯಂ ಇಲ್ಲದೆಯೇ ಅಪ್ಪಣೆ ಸಿಕ್ಕಿಬಿಟ್ಟಿತು! ಮೇಷ್ಟ್ರು ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಎಂಟರಿಂದ ಹನ್ನೆರಡರವರೆಗಿನ ನಳಿಕೆಗಳನ್ನು ಮುಟ್ಟುವ ಗೋಜಿಗೂ ಹೋಗದೆ ಅವರು ಲೇಖನ ಬರೆಯಲು ಕೂತರು. ‘ಏಳನೇ ರಸ’ ಎಂಬ ಹೆಸರು ಹುಟ್ಟಿತು, ಬರಬರುತ್ತಾ ಅದರ ಮೇಲೆ ನಾಲ್ಕು ಲೇಖನಗಳಾದವು. ಗೋಡೆಗೆ ನಾಲ್ಕು ಚೌಕಟ್ಟು ಬಂದವು, ನಾಲ್ಕರಲ್ಲೂ ಅವರದೇ ಮುಖ.

“ಈ ಡ್ರಾಪರನ್ನ ಇನ್ನು ಯಾರೂ ಮುಟ್ಟಕೂಡದು, ನೀರಮ್ಮ,” ಎಂದು ಅಂದೇ ಹೇಳಿದರು. “ತೊಳೆದ್ರೆ ಗಾಜಿನ ಹದ ಹೋಗುತ್ತೆ.”

“ಹೌದು ಸರ್, ಹದ ಮುಖ್ಯ,” ಎಂದಿದ್ದು ಅವರ ಹಿರಿಯ ಶಿಷ್ಯ. ಅವನಿಗೆ ನಾವೆಲ್ಲ ಹೌದಪ್ಪ ಎನ್ನುತ್ತಿದ್ದೆವು. ಹೌದಪ್ಪನ ಚಾವಡಿಯಲ್ಲಿ ಅವನೇ ಹೌದಪ್ಪ, ಅಲ್ಲಪ್ಪನ ಚಾವಡಿಗೆ ಹೋದರೆ ಅಲ್ಲಿಯೂ ಅವನೇ ಅಲ್ಲಪ್ಪ.

ಬೇರೆ ಊರಿನವರು ಏಳನೇ ರಸ ತರಿಸಿಕೊಂಡು ನೋಡಿ, ‘ನಮ್ಮಲ್ಲಿ ಏನೂ ಆಗಲಿಲ್ಲ’ ಎಂದು ಬರೆದರು. ಮೇಷ್ಟ್ರು, ‘ನಿಮ್ಮ ಕೈ ಪಳಗಿಲ್ಲ’ ಎಂದು ಉತ್ತರ ಬರೆಸಿದರು. ಅಲ್ಲಿಗೆ ಅದು ಮುಗಿಯುತ್ತಿತ್ತು. ಊರವರ ಉಸಾಬರಿ ನಮಗೇಕೆ? ಆದರೆ ಪಳಗದ ಕೈಗಳಲ್ಲಿ ಎರಡು ನನ್ನ ಮನೆಯಲ್ಲೇ ಇದ್ದವು.

ನನ್ನ ಸೊಸೆ ಮೊದಲು ಆ ಪ್ರಯೋಗಾಲಯದ ಸಂಶೋಧಕಿ, ಆಮೇಲೆ ನನ್ನ ಸೊಸೆ. ನನ್ನ ಮಗ ಅಲ್ಲಿಗೆ ಗ್ಯಾಸಿನ ಸಿಲಿಂಡರ್ ತಂದು ಇಳಿಸುವವನು. ವಾರಕ್ಕೊಂದು ಸಿಲಿಂಡರ್ ಸಾಕಾಗುತ್ತಿದ್ದ ಜಾಗಕ್ಕೆ ವಾರಕ್ಕೆ ಮೂರು ಬರತೊಡಗಿದಾಗ ನನಗೆ ಅನುಮಾನ ಬಂತು. ಮದುವೆಯಾಗಿ ಎರಡು ವರ್ಷ. ಮನೆಯೆಂದರೆ ಒಂದು ಅಡುಗೆಮನೆ, ಒಂದು ಕೋಣೆ, ಬಟ್ಟೆ ಒಣಗಿಸುವಷ್ಟು ಜಾಗದ ಒಂದು ಬಾಲ್ಕನಿ. ಅಡುಗೆಮನೆಯ ಮೇಜಿನ ಅರ್ಧದಲ್ಲಿ ಅವಳ ಪ್ರಬಂಧದ ಹಾಳೆಗಳು, ಇನ್ನರ್ಧದಲ್ಲಿ ನಮ್ಮ ತಟ್ಟೆಗಳು. ಗಾಳಿ ಬೀಸಿದಾಗ ಹಾಳೆಗಳ ಮೇಲೆ ಲಟ್ಟಣಿಗೆ ಇಡುತ್ತಿದ್ದಳು. ಪ್ರಬಂಧಕ್ಕೆ ಮೇಷ್ಟ್ರ ಸಹಿ ಬಿದ್ದರೆ ಡಾಕ್ಟರೇಟು. ಇನ್ನೊಂದು ಊರಿನ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸವೂ ಕಾದಿತ್ತು. ಬೀಳದಿದ್ದರೆ ಆರು ವರ್ಷ ನೀರಿನಲ್ಲಿ ಹೋಮ.

ಅವಳ ಪಾಲಿಗೆ ಬಂದ ವಿಷಯ ಏಳನೇ ರಸ ಹೇಗೆ ಕೆಲಸ ಮಾಡುತ್ತದೆ ಎಂಬುದು. ಮಾಡಿದರೆ ತಾನೆ? ಮೂವತ್ತೆಂಟು ಸಲ ಹನಿಸಿದಳು. ಮೂವತ್ತೆಂಟು ಸಲವೂ ಸಾಸಿವೆ ಸಾಸಿವೆಯ ಹಾಗೇ ಕೂತಿತ್ತು. ಪ್ರತಿ ಸಲ ಮೇಷ್ಟ್ರು ಬಂದು ಅವಳನ್ನು ಕುರ್ಚಿಯಿಂದ ಎಬ್ಬಿಸಿ, ಜೇಬಿನಿಂದ ಡ್ರಾಪರ್ ತೆಗೆದು ಒಂದು ಹನಿ ಬಿಡುತ್ತಿದ್ದರು. ಮಾಯ!

“ನೋಡಿದ್ಯಾ? ಎಲ್ಲಾ ಕೈಗುಣ ಕಣಮ್ಮ. ನಿನಗೆ ಶ್ರದ್ಧೆ ಸಾಲದು. ಮನೇಲಿ ಅತ್ತೆ ಕಾಟ ಏನಾದ್ರೂ ಇದ್ಯಾ?” ಎಂದು ತೊಟ್ಟಿಯ ಬಳಿ ನಿಂತಿದ್ದ ನನ್ನ ಕಡೆ ತಿರುಗಿ ನಗುತ್ತಿದ್ದರು.

“ಹೌದು ಸರ್, ಶ್ರದ್ಧೆ,” ಎನ್ನುತ್ತಿದ್ದ ಹೌದಪ್ಪ.

ಸತ್ಯ ನನ್ನ ಕೈಗೆ ಸಿಕ್ಕಿದ್ದು ಸಾಬೂನಿನ ಜೊತೆಗೆ. ಒಂದು ಸೋಮವಾರ ಮೇಷ್ಟ್ರ ಕೋಟಿನ ತೋಳಿಗೆ ಶಾಯಿ ಚೆಲ್ಲಿತು. ಡ್ರಾಪರನ್ನು ಮಗುವಿನಂತೆ ಎತ್ತಿ ಮೇಜಿನ ಮೇಲಿಟ್ಟು, ಕೋಟನ್ನು ನನ್ನತ್ತ ಎಸೆದರು. ನೆನೆಸುವ ಮೊದಲು ಜೇಬಿಗೆ ಕೈ ಹಾಕುವುದು ಗಂಡಸರ ಬಟ್ಟೆ ಒಗೆಯುವ ಎಲ್ಲ ಹೆಂಗಸರ ರೂಢಿ. ನನ್ನ ಕೈ ಬೆಳ್ಳಗಾಗಿ ಹೊರಬಂತು. ತಳದಲ್ಲಿ ಸೀಮೆಸುಣ್ಣದ ಚೂರುಗಳು, ಪುಡಿ, ಒದ್ದೆ ಪುಡಿ ಒಣಗಿ ಗಟ್ಟಿಯಾದ ಹೆಂಟೆ. ಸಂಸ್ಥೆಯ ಕೋಣೆಗಳಿಗೆಲ್ಲ ಬಿಳಿ ಪ್ಲಾಸ್ಟಿಕ್ ಬೋರ್ಡು ಬಂದಾಗಲೂ ಮೇಷ್ಟ್ರು ಹಟ ಹಿಡಿದು ಒಂದು ಕರಿಹಲಗೆ ಉಳಿಸಿಕೊಂಡಿದ್ದರು. ದಿನಾ ಬೆಳಗ್ಗೆ ಒಂಬತ್ತರಿಂದ ಹತ್ತು ಪಾಠ. ಮುಗಿದ ಮೇಲೆ ಮಿಕ್ಕ ಚೂರು ಜೇಬಿಗೆ. ಅದೇ ಜೇಬಿನಲ್ಲಿ ಬಾಯಿ ಕೆಳಗಾಗಿ, ಹಸಿ ಆರುವ ಮೊದಲೇ, ಡ್ರಾಪರ್.

ಸೀಮೆಸುಣ್ಣದಲ್ಲಿ ಇರುವುದೇನು? ಕ್ಯಾಲ್ಸಿಯಂ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮೂವತ್ತು ವರ್ಷ ಒಂದೊಂದು ಕಣ ಕ್ಯಾಲ್ಸಿಯಮ್ಮನ್ನು ನೀರಿನಿಂದ ಹುಡುಕಿ ಹುಡುಕಿ ಓಡಿಸಿದವಳು ನಾನು. ಯಜಮಾನರು ಅದನ್ನು ಜೇಬಿನಲ್ಲಿ ತುಂಬಿಕೊಂಡು ಓಡಾಡುತ್ತಿದ್ದರು.

ಅಂದು ಸಂಜೆ ಅಡುಗೆಮನೆಯಲ್ಲಿ ಸೊಸೆಗೆ ಹೇಳಿದೆ. ಅವಳು ಲಟ್ಟಣಿಗೆ ಹಿಡಿದುಕೊಂಡು ಹಾಗೇ ಕೂತುಬಿಟ್ಟಳು. ಆಮೇಲೆ ನಗತೊಡಗಿದಳು. ನಗುನಗುತ್ತಾ ಕಣ್ಣಲ್ಲಿ ನೀರು ಬಂತು.

“ಇಷ್ಟು ವರ್ಷ, ಅತ್ತೆ! ನನ್ನ ಕೈನೇ ಸರಿ ಇಲ್ಲ ಅಂದ್ಕೊಂಡು ನಾನು ಉಗುರು ಕಚ್ಕೊಂಡೆ. ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಬಂದೆ.”

“ಸುಮ್ನೆ ಕೂತ್ರೆ ಆಗಲ್ಲ. ನೋಡಿಬಿಡೋಣ,” ಎಂದೆ.

ಆ ಶನಿವಾರ ಬೆಳಗ್ಗೆ ಮೇಷ್ಟ್ರು ಯಾವುದೋ ಸಭೆಗೆ ಹೋಗಿದ್ದರು. ಕೋಟು ಮೊಳೆಗೆ ನೇತಾಡುತ್ತಿತ್ತು. ಒಗೆದ ಜೇಬು ಐದೇ ದಿನದಲ್ಲಿ ಮತ್ತೆ ಸುಣ್ಣದ ಗೂಡಾಗಿತ್ತು. ಸೊಸೆ ಮೊದಲು ತೊಳೆದ ಡ್ರಾಪರಿನಲ್ಲಿ ಏಳನೇ ರಸ ಹನಿಸಿದಳು: ಏನೂ ಇಲ್ಲ. ಮೇಷ್ಟ್ರ ಡ್ರಾಪರಿನಲ್ಲಿ ನನ್ನ ಬರೀ ನೀರು ಹನಿಸಿದಳು: ಮಾಯ. ನನ್ನ ನೀರಿಗೆ ಚಿಟಿಕೆ ಸೀಮೆಸುಣ್ಣ ಕದಡಿ, ತೊಳೆದ ಡ್ರಾಪರಿನಲ್ಲಿ ಹನಿಸಿದಳು: ಮಾಯ. ನನಗೂ ತೋರಿಸಿದಳು. ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಂತೆಯೇ ಕಪ್ಪು ಕಾಳುಗಳು ಒಂದು ಅಂಚಿನಿಂದ ಅಳಿಸುತ್ತಾ ಹೋದವು. ಅಷ್ಟು ವರ್ಷ ಅದಕ್ಕೆಂದು ನೀರು ಮಾಡಿ ಕೊಟ್ಟವಳು, ನಾನದನ್ನು ನೋಡಿದ್ದು ಅದೇ ಮೊದಲು. ಯಾರೂ ಕರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಡ್ರಾಪರನ್ನು ಇದ್ದ ಹಾಗೆಯೇ ಜೇಬಿನಲ್ಲಿಟ್ಟೆವು. ಸೋಮವಾರ ಸೊಸೆ ಮೇಷ್ಟ್ರ ಕೋಣೆಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು; ನಾನು ಅದರ ಹಿಡಿಯನ್ನು ಒರೆಸುತ್ತಿದ್ದೆ. ಅಂದು ಅದು ಬಹಳ ಕೊಳೆಯಾಗಿತ್ತು.

“ಸರ್, ಬೇರೆ ಡ್ರಾಪರ್‌ನಲ್ಲಿ ಒಂದ್ಸಲ ನೀವೇ ಹನಿಸಿ ನೋಡಿದ್ರೆ...”

“ಏನು? ನಿನ್ನ ಕೈಲಾಗ್ಲಿಲ್ಲ ಅಂತ ನನ್ನ ಡ್ರಾಪರ್ ಮೇಲೆ ಗೂಬೆ ಕೂರಿಸ್ತೀಯಾ?”

“ಹಾಗಲ್ಲ ಸರ್. ಜೇಬಲ್ಲಿ...”

“ನನ್ನ ಜೇಬಿನ ವಿಚಾರ ನಿನಗ್ಯಾಕೆ? ಏನಪ್ಪಾ, ನೋಡಿದ್ಯಾ ಇವಳನ್ನ?”

“ಹೌದು ಸರ್, ಜೇಬು ನಿಮ್ಮದು,” ಎಂದ ಹೌದಪ್ಪ.

“ಹೊರಗಿನ ಪರೀಕ್ಷಕರು ಬರೋಕೆ ಇನ್ನು ಹತ್ತೇ ದಿನ. ಏಳನೇ ರಸ ಕೆಲಸ ಮಾಡುತ್ತೆ ಅಂತ ತೀರ್ಮಾನದ ಪುಟದಲ್ಲಿ ಬರೆದು ತಾ, ಸಹಿ ಹಾಕ್ತೀನಿ. ಬರೀಲಿಲ್ವೋ, ಸಹಿ ಇಲ್ಲ. ಮನೇಲಿ ಕೂತ್ಕೊಂಡು ಗಂಡನ ಸಿಲಿಂಡರ್ ಎಣಿಸು.”

ಅಂದು ಮನೆಯಲ್ಲಿ ಊಟ ಆರಿತು.

“ಒಂದು ಸಾಲು ತಾನೆ? ಬರೆದು ಬಿಸಾಕು,” ಎಂದ ನನ್ನ ಮಗ. “ಓದೋರು ಯಾರು? ನನಗೆ ಸಿಲಿಂಡರ್ ಮೇಲೆ ಬರೆದಿರೋದೇ ಓದೋಕೆ ಬೇಜಾರು.”

“ನಿಮಗೇನು, ಖಾಲಿ ಸಿಲಿಂಡರ್‌ಗೆ ತುಂಬಿದೆ ಅಂತ ಚೀಟಿ ಅಂಟಿಸಿ ಕೊಟ್ಟುಬಿಡ್ತೀರಾ?”

“ಅದು ಬೇರೆ. ಎತ್ತಿದ್ರೆ ಗೊತ್ತಾಗಿಬಿಡುತ್ತೆ.”

ನಾನೂ ಮಗನ ಕಡೆಗೇ ವಾಲಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಲು ಸಹಿ ಬೀಳಲಿ, ಸತ್ಯ ಎಲ್ಲಿಗೂ ಓಡಿಹೋಗುವುದಿಲ್ಲ, ನಿಧಾನವಾಗಿ ಹೇಳಿದರಾಯಿತು ಎಂದೆಲ್ಲ ಹೇಳಿದೆ. ಎಷ್ಟು ತಾಳ್ಮೆಯಿಂದ ಹೇಳಿದೆನೆಂದರೆ ನನಗೇ ನನ್ನ ಮೇಲೆ ಗೌರವ ಬಂತು.

ಸೊಸೆ ನನ್ನನ್ನೇ ನೋಡಿದಳು. “ಅತ್ತೆ, ನಿಮ್ಮ ನೀರಿಗೆ ಒಂದೇ ಒಂದು ಲೋಟ ನಲ್ಲಿ ನೀರು ಬೆರೆಸಿ, ಯಾರಿಗೂ ಗೊತ್ತಾಗಲ್ಲ ಅಂದ್ರೆ ಬೆರೆಸ್ತೀರಾ?”

“ಅದು ಬೇರೆ,” ಎಂದೆ. ಮಗ ತಟ್ಟೆ ನೋಡುತ್ತಾ ನಕ್ಕ.

ಕೊನೆಗೆ ಒಂದು ರಾಜಿಯಾಯಿತು. ಮೂವತ್ತೆಂಟು ಸಲದ ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಕೋಷ್ಟಕದಲ್ಲಿ ಹಾಕುವುದು, ತೀರ್ಮಾನದ ಪುಟ ಖಾಲಿ ಬಿಡುವುದು. ಪರೀಕ್ಷಕರ ಮುಂದೆ ಅವಳು ತಾನಾಗಿ ಬಾಯಿ ಬಿಡಕೂಡದು ಎಂದು ನಾನು ಮಾತು ತೆಗೆದುಕೊಂಡೆ. “ಬಾಯಿ ಬಿಡಲ್ಲ. ಕೇಳಿದ್ರೆ ಸುಳ್ಳೂ ಹೇಳಲ್ಲ,” ಎಂದಳು. “ಯಾರು ಕೇಳ್ತಾರೆ ಬಿಡು,” ಎಂದೆ. ದೊಡ್ಡವರು ಬಂದಲ್ಲಿ ಚಿಕ್ಕವರನ್ನು ಯಾರೂ ಕೇಳಿದ್ದನ್ನು ನಾನಂತೂ ನೋಡಿರಲಿಲ್ಲ.

ಬಂದ ಪರೀಕ್ಷಕಿ ನನ್ನ ಭುಜದಷ್ಟು ಎತ್ತರದ ಹೆಂಗಸು. ಕೈಯಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ನಡೆದು ನಡೆದು ಸವೆದ ಬೂಟು. ಮೇಷ್ಟ್ರು ಇನ್ನೂ ದೊಡ್ಡ ಆಳನ್ನು ನಿರೀಕ್ಷಿಸಿದ್ದರೆಂದು ಕಾಣುತ್ತದೆ. ಆಕೆಯ ಹಿಂದೆ ಬೇರೆ ಯಾರಾದರೂ ಬರುತ್ತಿದ್ದಾರೋ ಎಂದು ಬಾಗಿಲ ಕಡೆ ಎರಡು ಸಲ ಇಣುಕಿದರು. ಆಮೇಲೆ ಅವರನ್ನು ಕರಿಹಲಗೆಯ ಮುಂದೆ ಕೂರಿಸಿ ಒಂದು ಗಂಟೆ ಪಾಠ ಮಾಡಿದರು. ಚೀಲ ಬರೆದರು, ಗೋಡೆ ಬರೆದರು, ಚೀಲ ಗೋಡೆಯೊಳಗೆ ಬೆರೆಯುವುದನ್ನು ಮೂರು ಬಣ್ಣದಲ್ಲಿ ಬರೆದರು. ಮಳೆಗಾಲದ ಸುಣ್ಣದ ಗೋಡೆಯಂತೆ ಪುಡಿ ಉದುರಿತು. ಆ ಹೆಂಗಸು ಇಡೀ ಜೀವಮಾನ ಅದನ್ನೇ ಓದಿದವರು, ಕೈ ಕಟ್ಟಿಕೊಂಡು ಕೇಳಿದರು. ನನಗಿಂತ ತಾಳ್ಮೆಯವರನ್ನು ನಾನು ಅಂದೇ ನೋಡಿದ್ದು.

ನಂತರ ಪ್ರದರ್ಶನ. ಮೇಷ್ಟ್ರು ಮಿಕ್ಕ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, ಅದೇ ಜೇಬಿನಿಂದ ಡ್ರಾಪರ್ ತೆಗೆದು ಏಳನೇ ರಸದ ಒಂದು ಹನಿ ಬಿಟ್ಟರು. ಪರೀಕ್ಷಕಿ ಕಣ್ಣಿಟ್ಟು ನೋಡುತ್ತಿದ್ದಂತೆ ಚೀಲಗಳೆಲ್ಲ ಮಾಯ. ಹೌದಪ್ಪ ಚಪ್ಪಾಳೆ ತಟ್ಟಿದ.

“ಚೆನ್ನಾಗಿದೆ,” ಎಂದರು ಪರೀಕ್ಷಕಿ. “ಈಗ ಬರೀ ನೀರು ಹನಿಸಿ ನೋಡೋಣ.”

“ನೀರಿಗೆ ಏನಾಗುತ್ತೆ ಮೇಡಂ? ಏನೂ ಆಗಲ್ಲ.”

“ಏನೂ ಆಗದೇ ಇರೋದನ್ನೇ ನೋಡೋಣ.”

ಮೇಷ್ಟ್ರು ನಕ್ಕು, ಹೊಸ ಗಾಜಿನ ಪಟ್ಟಿ ತರಿಸಿ, ಅದೇ ಡ್ರಾಪರಿನಿಂದ ನನ್ನ ನೀರು ಹನಿಸಿದರು. ಪರೀಕ್ಷಕಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಮೇಷ್ಟ್ರಿಗೆ ಜಾಗ ಬಿಟ್ಟರು. ಮೇಷ್ಟ್ರು ಬಗ್ಗಿ ನೋಡಿದರು. ಕತ್ತಿನ ಹಿಂಭಾಗ ಕೆಂಪಗಾಯಿತು.

“ಹೌದು ಸರ್!” ಎಂದ ಹೌದಪ್ಪ. “ನೀರಿಗೂ ನಿಮ್ಮ ಕೈಗುಣ ಹತ್ತಿಬಿಟ್ಟಿದೆ!”

ಅವನು ಹೊಗಳಿದ್ದೇ. ಪಾಪ, ಅವನಿಗೆ ಬರುತ್ತಿದ್ದದ್ದು ಅದೊಂದೇ.

ಮೇಷ್ಟ್ರು ತಟ್ಟನೆ ನನ್ನ ಕಡೆ ತಿರುಗಿದರು. “ನೀರಮ್ಮ! ನೀರಿಗೆ ಏನು ಬೆರೆಸಿದ್ದೀಯಾ? ನಲ್ಲಿ ನೀರು ಹಿಡ್ಕೊಂಡು ಬಂದ್ಯಾ? ವಯಸ್ಸಾಯ್ತು ಅಂತ ಹೇಳಿ ಮನೆಗೆ ಹೋಗ್ಬಾರ್ದಿತ್ತಾ? ಮೇಡಂ, ಕ್ಷಮಿಸಿ, ಈ ಕೆಳಗಿನ ಜನ ಹೀಗೇ, ಒಂದು ಸೀಸೆ ನೀರೂ ಶುದ್ಧವಾಗಿ ಮಾಡೋಕೆ ಬರಲ್ಲ.”

ಸೊಸೆ ಕೊಟ್ಟ ಮಾತಿನಂತೆ ತುಟಿ ಬಿಗಿಹಿಡಿದು ನಿಂತಿದ್ದಳು. ಮೇಜಿನ ಮೇಲೆ ಅವಳ ಪ್ರಬಂಧ, ಸಹಿಯ ಜಾಗ ಖಾಲಿ. ನಾನು ಒಂದೇ ಒಂದು ಸಲ ‘ತಪ್ಪಾಯ್ತು ಸರ್’ ಎಂದಿದ್ದರೆ ಸಾಕಿತ್ತು. ಬೇರೆ ನೀರು ತರಿಸುತ್ತಿದ್ದರು, ಹೌದಪ್ಪ ಬೇರೆ ಡ್ರಾಪರ್ ಹುಡುಕುತ್ತಿದ್ದ, ಎಲ್ಲ ಮುಚ್ಚಿಹೋಗುತ್ತಿತ್ತು, ಸಹಿಯೂ ಬೀಳುತ್ತಿತ್ತು. ಹತ್ತು ದಿನ ಸೊಸೆಗೆ ಹಾವು, ಕೋಲು ಎಂದು ಉಪದೇಶ ಮಾಡಿದವಳು ನಾನೇ. ಆದರೆ ನನ್ನ ನೀರು!

“ನನ್ನ ನೀರಲ್ಲಿ ಏನೂ ಇಲ್ಲ, ಮೇಡಂ,” ಎಂದೆ. “ಬೇರೆ ಡ್ರಾಪರ್‌ನಲ್ಲಿ ಹಾಕಿ ನೋಡಿ. ಇಲ್ಲಿ ನಾನು ತೊಳೆಯದೇ ಇರೋದು ಆ ಡ್ರಾಪರ್ ಒಂದನ್ನೇ. ತೊಳೆಯೋಕೆ ಅಪ್ಪಣೆ ಇಲ್ಲ. ಐದು ವರ್ಷದಿಂದ ಅದು ಸರ್ ಜೇಬಲ್ಲೇ ಇರೋದು, ಸೀಮೆಸುಣ್ಣದ ಜೊತೆ.”

ಸೊಸೆ ನನ್ನನ್ನು ನೋಡಿದ ನೋಟವನ್ನು ಏನೆಂದು ಹೇಳಲಿ? ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡವಳೇ ಬಾಯಿ ಬಿಟ್ಟಿದ್ದೆ.

“ಕೋಟು ಸ್ವಲ್ಪ ಕೊಡ್ತೀರಾ?” ಎಂದರು ಪರೀಕ್ಷಕಿ.

ಕೊಡದೆ ಇರುವ ದಾರಿ ಮೇಷ್ಟ್ರಿಗೆ ಹೊಳೆಯಲಿಲ್ಲ. ಪರೀಕ್ಷಕಿ ಜೇಬನ್ನು ಒಳಹೊರಗು ಮಾಡಿ ಕಪ್ಪು ಮೇಜಿನ ಮೇಲೆ ಕೊಡವಿದರು. ಹಿಡಿಯಷ್ಟು ಪುಡಿ ಬಿತ್ತು, ಜೊತೆಗೆ ಎರಡು ಚೂರು ಗುಲಾಬಿ, ಒಂದು ನೀಲಿ.

“ಇಷ್ಟು ಇರೋವಾಗ ಏಳನೇ ರಸದವರೆಗೆ ಯಾಕೆ ಹೋದ್ರಿ? ಮೊದಲನೇದೇ ಸಾಕಾಗ್ತಿತ್ತಲ್ಲ,” ಎಂದು, ಬೆರಳು ಒರೆಸಿಕೊಳ್ಳುತ್ತಾ ಸೊಸೆಯ ಕಡೆ ತಿರುಗಿದರು. “ನಿನ್ನ ಕೋಷ್ಟಕ ಓದಿದ್ದೀನಿ. ಮೂವತ್ತೆಂಟು ಸಲ ಏನೂ ಆಗಿಲ್ಲ ಅಂತಿದೆ. ಡ್ರಾಪರ್ ಯಾವುದು?”

“ತೊಳೆದದ್ದು, ಮೇಡಂ.”

“ಈ ಪುಡಿ ವಿಷಯ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು. ಎರಡು ವಾರದಿಂದ.” ಮೂರು ಬಗೆಯಲ್ಲಿ ಹನಿಸಿ ನೋಡಿದ್ದನ್ನು ಒಂದೂ ಬಿಡದೆ ಹೇಳಿದಳು.

“ಮತ್ತೆ ತೀರ್ಮಾನದ ಪುಟ ಖಾಲಿ ಯಾಕೆ?”

ಸೊಸೆ ಮೇಷ್ಟ್ರನ್ನು ನೋಡಿದಳು. ನಾವೆಲ್ಲ ಮೇಷ್ಟ್ರನ್ನು ನೋಡಿದೆವು. ಗೋಡೆಯ ಮೇಲಿನ ನಾಲ್ಕು ಮೇಷ್ಟ್ರುಗಳೂ ಐದನೆಯವರನ್ನು ನೋಡುತ್ತಿದ್ದರು. ಆಗ ಆ ಮನುಷ್ಯ ಏನು ಮಾಡಿದರು ಗೊತ್ತೇ? ನಕ್ಕರು. ಹೊಟ್ಟೆ ಕುಣಿಯುವಂತೆ ನಕ್ಕು, ಎರಡೂ ಕೈ ಮೇಲೆತ್ತಿದರು.

“ಭೇಷ್! ಕೊನೆಗೂ ಹಿಡಿದುಬಿಟ್ರಿ! ಮೇಡಂ, ಇದು ನಾನು ಇಟ್ಟ ಪರೀಕ್ಷೆ. ಬೇಕಂತಲೇ ಕ್ಯಾಲ್ಸಿಯಂ ಬೆರೆಸ್ತಾ ಇದ್ದೆ. ಯಾವ ಶಿಷ್ಯರು ಗುರು ಮಾತನ್ನೂ ನಂಬದೆ ಕಣ್ಣನ್ನೇ ನಂಬ್ತಾರೆ ಅಂತ ನೋಡಬೇಕಿತ್ತು. ಹುಡುಗಿ ಗೆದ್ದಳು!”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಮೀಸೆಗೆ ಎಣ್ಣೆಯನ್ನೂ ಹಚ್ಚಿಕೊಂಡು ಎದ್ದರು.

“ಐದು ವರ್ಷದ ಪರೀಕ್ಷೆನಾ?” ಎಂದರು ಪರೀಕ್ಷಕಿ.

“ಕಠಿಣ ಪರೀಕ್ಷೆ, ಮೇಡಂ.”

“ಆ ನಾಲ್ಕು ಲೇಖನ?”

“ಅವೂ ಪರೀಕ್ಷೆಯ ಭಾಗವೇ. ಓದುಗರಿಗೆ.”

“ಹೌದು ಸರ್,” ಎಂದ ಹೌದಪ್ಪ. ಅವನ ದನಿ ಮೊದಲ ಸಲ ನಡುಗಿತು. ಆ ನಾಲ್ಕರಲ್ಲೂ ಎರಡನೇ ಹೆಸರು ಅವನದು.

ಪರೀಕ್ಷಕಿ ವಾದ ಮಾಡಲಿಲ್ಲ. “ಲೇಖನಗಳನ್ನ ವಾಪಸ್ ತಗೊಳ್ಳೋ ಪತ್ರ ನೀವೇ ಬರೀತೀರಾ, ನಾನು ಬರೀಲಾ? ಯೋಚನೆ ಮಾಡಿ. ಈಕೆ ನಿಮ್ಮ ಪರೀಕ್ಷೆ ಪಾಸಾದಳಲ್ಲ, ಹಾಗಾದ್ರೆ ಸಹಿ ಹಾಕಿ. ನಾಳೆ ಮಧ್ಯಾಹ್ನ ನಾನು ಹೊರಡಬೇಕು,” ಎಂದು ಪೆನ್ನಿನ ಮುಚ್ಚಳ ತೆಗೆದು ತಾವು ಮೊದಲು ಸಹಿ ಹಾಕಿದರು.

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಹಾಳೆಗೆ ತಾಗಿಸಿದರು. ಮತ್ತೆ ಎತ್ತಿದರು. “ಹಾಕ್ತೀನಿ, ಖಂಡಿತ ಹಾಕ್ತೀನಿ. ಕೃತಜ್ಞತೆಯ ಪುಟ ಒಂದು ತಿದ್ದಬೇಕು. ಈ ಕ್ಯಾಲ್ಸಿಯಂ ವಿಷಯದಲ್ಲಿ ಗುರುಗಳ ಪಾತ್ರ ಏನು ಅಂತ ಒಂದು ಸಾಲು ಬರಲಿ. ಬರೆದು ತಾ, ಬೆಳಗ್ಗೆ ಮೊದಲ ಕೆಲಸ ಅದೇ.”

ಮನೆಗೆ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕರೂ ಸೊಸೆ ನಿಂತೇ ಬಂದಳು. ಅಡುಗೆಮನೆಗೆ ಬಂದು ಹಾಳೆ ಎಳೆದುಕೊಂಡು ಕೂತಳು. ಮಗ ಕೆಲಸದಿಂದ ಬಂದವನು ವಿಷಯವೆಲ್ಲ ಕೇಳಿ ಬಾಗಿಲಿಗೆ ಒರಗಿ ನಿಂತ.

“ಅವನು ಮಾಡಿದ ಕಳ್ಳತನಕ್ಕೆ ನಾನು ಥ್ಯಾಂಕ್ಸ್ ಹೇಳ್ಬೇಕಂತೆ!”

“ಹೇಳಿಬಿಡೇ,” ಎಂದ ಮಗ. “ಇನ್ಮೇಲೆ ಅವನ ಮುಖ ನೋಡೋದಿದ್ಯಾ?”

“ಸುಳ್ಳು ಬರೆಯಲ್ಲ ಅಂದಿದ್ದೀನಿ. ನಿಮ್ಮ ಅಮ್ಮ ಬಾಯಿ ಬಿಟ್ಟು ಇಷ್ಟು ಮಾಡಿದ ಮೇಲೆ ಈಗ ಬರೀಲಾ?”

ಈ ಸಲ ನಾನು ಉಪದೇಶಕ್ಕೆ ಹೋಗಲಿಲ್ಲ. ಪಾತ್ರೆ ತೊಳೆದೆ, ಒರೆಸಿದೆ, ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದೆ. ಅವಳು ಬರೆದಳು, ಹೊಡೆದುಹಾಕಿದಳು. ಬರೆದಳು, ಹರಿದಳು. ಕೊನೆಗೆ ತಲೆಯೆತ್ತಿ ಕೇಳಿದಳು: “ಅತ್ತೆ, ಅವರು ಮೇಡಂ ಹತ್ರ ಏನಂದ್ರು? ‘ಬೇಕಂತಲೇ ಕ್ಯಾಲ್ಸಿಯಂ ಬೆರೆಸ್ತಾ ಇದ್ದೆ’ ಅಂತ ತಾನೆ?”

“ಹಾಗೇ ಅಂದ್ರು. ನಾನೂ ಕೇಳಿಸ್ಕೊಂಡೆ.”

ಅವಳು ಒಂದೇ ಸಾಲು ಬರೆದಳು. ಓದಿ, ನಮಗೆ ತೋರಿಸದೆ ಮಡಚಿಟ್ಟಳು. ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು.

ಬೆಳಗ್ಗೆ ಮೇಷ್ಟ್ರ ಕೋಣೆಯಲ್ಲಿ ಪರೀಕ್ಷಕಿಯೂ ಇದ್ದರು, ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು. ಮೇಷ್ಟ್ರು ಕನ್ನಡಕ ಏರಿಸಿ ಕೃತಜ್ಞತೆಯ ಪುಟವನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು: “ಈ ಪ್ರಬಂಧದ ಮೂಲ ಪ್ರಶ್ನೆ ಹುಟ್ಟಲು ಕಾರಣವಾದ ಕ್ಯಾಲ್ಸಿಯಮ್ಮನ್ನು ಐದು ವರ್ಷ ಒಂದು ದಿನವೂ ತಪ್ಪದೆ ಒದಗಿಸಿದ ನನ್ನ ಗುರುಗಳಿಗೆ ಕೃತಜ್ಞಳಾಗಿದ್ದೇನೆ.”

ಪರೀಕ್ಷಕಿಗೆ ಆಗಲೇ ಕೆಮ್ಮು ಬರಬೇಕೇ? ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕೆಮ್ಮಿದರು. ನಾನು ಒಂದು ಲೋಟ ನೀರು ಕೊಟ್ಟೆ.

ಮೇಷ್ಟ್ರು ಆ ಸಾಲನ್ನು ಮತ್ತೊಮ್ಮೆ, ಈ ಸಲ ಮನಸ್ಸಿನಲ್ಲೇ ಓದಿಕೊಂಡರು. ಹುಬ್ಬು ಗಂಟಾಯಿತು. ಸೊಸೆಯ ಕೈ ನನ್ನ ಸೆರಗಿನ ಅಂಚನ್ನು ಹಿಡಿದುಕೊಂಡಿತು.

“ಏನೋ ಒಂದು ಕೊರತೆ ಇದೆ,” ಎಂದರು ಮೇಷ್ಟ್ರು.

“ಹೌದು ಸರ್, ಕೊರತೆ ಇದೆ,” ಎಂದ ಹೌದಪ್ಪ.

ಮೇಷ್ಟ್ರು ಪೆನ್ನು ತೆಗೆದು, ‘ಒದಗಿಸಿದ’ ಎಂಬ ಮಾತಿನ ಹಿಂದೆ ಒಂದು ಗೆರೆ ಎಳೆದು, ಮೇಲೆ ದುಂಡಗಿನ ಅಕ್ಷರದಲ್ಲಿ ‘ಉದಾರವಾಗಿ’ ಎಂದು ಸೇರಿಸಿದರು. ತಲೆಯನ್ನು ಆಚೀಚೆ ವಾಲಿಸಿ ನೋಡಿ ತೃಪ್ತರಾಗಿ, ಪುಟ ತಿರುಗಿಸಿ, ಸಹಿ ಹಾಕಿದರು.